ಹೊಗೆ ಹಿಡಿದ ತಗಡು

ನಮ್ಮೂರಿನ ಈಶ್ವರ ದೇವಾಲಯದ ದಾಸೋಹದ ಸಾಲೆಗೆ ಹೊದಿಸಿರುವ ತಗಡುಗಳನ್ನು ಆರಿಸಿ ತಂದವನು ನಾನು. ಅವುಗಳ ಶುದ್ಧಾಶುದ್ಧಗಳನ್ನು ವಿಚಾರಿಸಿದವನೂ ನಾನೇ. ಅವುಗಳ ಕೆಳಗೆ ಆಗ ಯಾರು ವಾಸವಾಗಿದ್ದರು ಎಂಬುದನ್ನು ಮಾತ್ರ ವಿಚಾರಿಸಲಿಲ್ಲ.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಸಮೀಪ ನೆಲೆಸಿದ ನಮ್ಮ ಹಿರಿಯರು ಕಟ್ಟಿದ ಗುಡಿ ಅದು. ಸೋಮವಾರದ ಮಧ್ಯಾಹ್ನ ಬಂದವರಿಗೆಲ್ಲ ಅನ್ನ ಬಡಿಸುವುದು ಅಲ್ಲಿನ ನಿಯಮ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಸಾಲೆಯ ತಗಡು ತುಕ್ಕು ತಿಂದು ಜರಡಿಯಂತಾಗಿತ್ತು. ಮುಂಗಾರಿಗೆ ಮೊದಲೇ ಬದಲಿಸಬೇಕೆಂದು ಗುಡಿಯ ಸಮಿತಿಯವರು ಅರ್ಚಕನಾದ ನನ್ನನ್ನೇ ಕುಶಾಲನಗರದ ಅಂಗಡಿಗೆ ಕಳುಹಿಸಿದರು. ಹೋದ ಮೂರು ಸಲವೂ ಬೆಲೆ ಏರಿತ್ತು, ತಗಡು ತೆಳುವಾಗಿತ್ತು. ಹಿಂದಿನ ವಾರದ ದರವನ್ನು ನೆನಪಿಸಿದರೆ ಅಂಗಡಿಯಾತ ನಕ್ಕುಬಿಟ್ಟ. "ಉಕ್ಕಿನ ರೇಟು ಬೆಳಿಗ್ಗೆ ಒಂದು, ಸಂಜೆ ಒಂದು ಅಯ್ನೋರೆ. ನಿಮ್ಮ ಪಂಚಾಂಗದಲ್ಲೇ ನೋಡ್ಕಂಡು ಬರಬೇಕಿತ್ತು" ಎಂದ.

ಕೂಡಿಸಿದ ಕಾಣಿಕೆಯಲ್ಲಿ ಸಾಲೆಯ ಅರ್ಧ ಮಾಡನ್ನೂ ಮುಚ್ಚುವಂತಿರಲಿಲ್ಲ. ಹಳೆಯ ತಗಡನ್ನು ಹುಡುಕಿಕೊಂಡು ಊರೂರು ತಿರುಗಿದೆ. ಟಾರಿನ ಡ್ರಮ್ಮುಗಳನ್ನು ಬಡಿದು ಚಪ್ಪಟೆ ಮಾಡಿದ ತಗಡು ಒಂದು ಕಡೆ ಸಿಕ್ಕಿತು, ಅದು ಉದ್ದ ಸಾಲದು. ಇನ್ನೊಂದು ಕಡೆ ಸಿಕ್ಕಿದ್ದು ಮಾಂಸದಂಗಡಿಯದು, ಮತ್ತೊಂದು ಸಾರಾಯಿ ಮಾರುತ್ತಿದ್ದ ಜಾಗದ್ದು. ಅವೆರಡನ್ನೂ ನಾನು ಒಲ್ಲೆನೆಂದೆ. ನೈವೇದ್ಯದ ಅನ್ನ ಬೇಯುವ ಸ್ಥಳಕ್ಕೆ ಅಂಥ ಲೋಹ ಸಲ್ಲದು ಎಂಬ ನನ್ನ ಮಾತನ್ನು ಯಾರೂ ಮೀರಲಿಲ್ಲ.

ಕೊನೆಗೆ ಸಿದ್ದಾಪುರದಿಂದ ಬಂದ ಮೇಸ್ತ್ರಿ ದಾರಿ ತೋರಿಸಿದ. ನೆಲ್ಯಹುದಿಕೇರಿಯ ಆಚೆ ಒಂದು ಎಸ್ಟೇಟಿನಲ್ಲಿ ಕೂಲಿಯವರ ಹಳೆಯ ಲೈನುಮನೆ ಕೆಡವುತ್ತಾರೆ, ಹಿಂದಿನ ಕಾಲದ ದಪ್ಪ ತಗಡು, ತೂಕದ ಬೆಲೆಗೆ ಕೊಡುತ್ತಾರೆ ಎಂದ. ಮರುದಿನವೇ ಇಬ್ಬರೂ ಹೋದೆವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಮ್ಮನ್ನು ಕರೆದೊಯ್ದು ಉದ್ದನೆಯ ಸಾಲುಮನೆಯನ್ನು ತೋರಿಸಿದ. ನಾನು ಕ್ರಮವಾಗಿ ಪ್ರಶ್ನೆ ಕೇಳಿದೆ. ಇಲ್ಲಿ ಪ್ರಾಣಿ ಕಡಿಯುತ್ತಿದ್ದರೇ? ಮದ್ಯ ಕಾಯಿಸುತ್ತಿದ್ದರೇ? ಇತ್ತೀಚೆಗೆ ಸಾವಿನ ಸೂತಕ ಇತ್ತೇ? ಆತ ಎಲ್ಲಕ್ಕೂ ಇಲ್ಲವೆಂದ.

ಆ ಹೊತ್ತಿಗೆ ಸಾಲಿನ ಕೊನೆಯ ಕೋಣೆಯ ತಗಡಿನ ಸಂದುಗಳಿಂದ ಹೊಗೆ ಮೇಲೇಳುತ್ತಿತ್ತು. ಅದನ್ನು ನಾನು ಕಂಡೆ. ನಿತ್ಯವೂ ಅಗ್ನಿಯ ಸಂಪರ್ಕವಿರುವ ಲೋಹಕ್ಕೆ ದೋಷವಿಲ್ಲ ಎಂದು ಮನಸ್ಸಿನಲ್ಲೇ ನಿರ್ಣಯಿಸಿ, ಸಂತೋಷದಿಂದ ಒಪ್ಪಿಗೆ ಕೊಟ್ಟೆ. ಹೊಗೆ ಇದ್ದಲ್ಲಿ ಒಲೆ ಇದೆ, ಒಲೆ ಇದ್ದಲ್ಲಿ ಅಡುಗೆ ಮಾಡುವವರು ಇದ್ದಾರೆ ಎಂಬಷ್ಟು ತರ್ಕ ನನಗೆ ಹೊಳೆಯಲಿಲ್ಲ. ಹತ್ತು ವರ್ಷ ಸಂಸ್ಕೃತ ಪಾಠಶಾಲೆಯ ತರ್ಕಪಾಠದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನೇ ಕಲಿತವನು ನಾನು.

ತಗಡುಗಳು ಲಾರಿಯಲ್ಲಿ ಬಂದವು. ತೊಳೆಸಿ, ಪಂಚಗವ್ಯ ಪ್ರೋಕ್ಷಿಸಿ, ರುದ್ರ ಹೇಳಿ ಶಿವನಿಗೆ ಅರ್ಪಿಸಿದೆ. ಎಷ್ಟು ಉಜ್ಜಿದರೂ ಮಸಿ ಹೋಗಲಿಲ್ಲ.

ಆಷಾಢದ ಒಂದು ಸೋಮವಾರ ಶುಂಠಿ ಹೊಲಕ್ಕೆ ಕಳೆ ಕೀಳಲು ಜೀಪಿನಲ್ಲಿ ಬಂದಿದ್ದ ಹೆಂಗಸರು ಮಳೆಗೆ ಸಿಕ್ಕಿ ದಾಸೋಹಕ್ಕೆ ಬಂದರು. ಅವರಲ್ಲಿ ಒಬ್ಬಳು ವಯಸ್ಸಾದವಳು, ತಮಿಳು ಮನೆಮಾತಿನವಳು, ಉಣ್ಣುವುದನ್ನು ಬಿಟ್ಟು ಮೇಲೆ ನೋಡುತ್ತ ಕುಳಿತಳು. ಏನಾದರೂ ಬೇಕೇ ಎಂದು ನಾನೇ ಹೋಗಿ ಕೇಳಿದೆ.

"ಅದು ನಮ್ಮನೆ ತಗಡು ಸಾಮಿ. ಆ ತೂತಿಗೆ ಟಾರ್ ಮೆತ್ತಿದ್ದು ನಾನೇ" ಎಂದಳು. ನನ್ನ ಮುಖ ನೋಡಿ ಏನೆಂದುಕೊಂಡಳೋ, "ಬಯ ಪಡಬ್ಯಾಡಿ, ಒಂದ್ ಹನಿ ಬೀಳಲ್ಲ" ಎಂದು ಸೇರಿಸಿದಳು.

ಆಕೆಯ ಕೋಣೆಯೇ ಆ ಕೊನೆಯ ಕೋಣೆ. ಹೊಸ ಮನೆ ಕಟ್ಟಿಸುತ್ತೇವೆಂದು ಹಳೆಯ ಮಾಡು ಇಳಿಸಿದರಂತೆ. ಒಂದು ಗೋಡೆ ಎದ್ದ ಮೇಲೆ ಹೊಸ ತಗಡಿನ ಬೆಲೆ ಕೇಳಿ ಧಣಿಗಳು ಕೆಲಸ ನಿಲ್ಲಿಸಿದರಂತೆ. ಬೆಲೆ ಇಳಿಯಲಿ ಎಂದರಂತೆ. ಆಕೆ ಈಗ ಟಾರ್ಪಾಲಿನ ಕೆಳಗಿದ್ದಳು. ಇದನ್ನೆಲ್ಲ ದೂರಿನ ದನಿಯಿಲ್ಲದೆ ಹೇಳಿ, ಎಲೆ ಮಡಚಿ ಎದ್ದಳು.

ಆ ತಗಡುಗಳನ್ನು ಹಿಂದಿರುಗಿಸೋಣವೆಂದು ಸಮಿತಿಯಲ್ಲಿ ಹೇಳಿದೆ. ತೂಕ ಮಾಡಿಸಿ, ರಸೀದಿ ಪಡೆದು ತಂದದ್ದು, ಕದ್ದದ್ದಲ್ಲ ಎಂದರು. ಅಧ್ಯಕ್ಷರು ಮೆಲ್ಲಗೆ, "ಶಿವನಿಗೆ ಕೊಟ್ಟಿದ್ದನ್ನ ಮುಟ್ಟಿದ್ರೆ ನರಕ ಅಂತ ನಮಗೆ ಹೇಳಿಕೊಟ್ಟೋರು ಯಾರು ಅಯ್ನೋರೆ?" ಎಂದರು. ಕೆಲವರು ನಕ್ಕರು. ಅದನ್ನು ನಾನು ಈಗಲೂ ನಂಬುತ್ತೇನೆ. ಅಪಹರಿಸಿದವನೂ, ಅರ್ಪಿಸಿದವನೂ, ಹಿಂದಕ್ಕೆ ತೆಗೆಯಬಾರದೆಂದು ಬೋಧಿಸಿದವನೂ ಒಬ್ಬನೇ ಆಗಿದ್ದ.

ಕಡೆಗೆ ಕೂಡಿಟ್ಟಿದ್ದ ನನ್ನ ವೃದ್ಧಾಪ್ಯ ಪಿಂಚಣಿಯಲ್ಲಿ ನಾಲ್ಕು ಹೊಸ ತಗಡು ಕೊಂಡು, ಪಿಕಪ್‌ನಲ್ಲಿ ಹಾಕಿಸಿಕೊಂಡು ಆಕೆಯನ್ನು ಹುಡುಕಿ ಹೋದೆ. ಲೈನಿನಲ್ಲಿ ಆ ಒಂದೇ ಗೋಡೆ ನಿಂತಿತ್ತು. ಆಕೆ ತಗಡಿನ ನಡುವೆ ಹೆಬ್ಬೆರಳು ಒತ್ತಿದಳು, ಅದು ತಗ್ಗಿತು.

"ನಮ್ದು ಗಟ್ಟಿ ಇತ್ತು" ಎಂದಳು. ಮತ್ತೆ ನನಗೆ ನೋವಾದೀತೆಂದೋ ಏನೋ, "ಕಲ್ಲು ಹೇರಿದ್ರೆ ಗಾಳಿಗೆ ಹಾರಲ್ಲ ಬಿಡಿ" ಎಂದಳು.

ಪಿಕಪ್‌ನವನೂ ಆಕೆಯ ಮಗಳೂ ಸೇರಿ ಅವನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ, ಮೇಲೆ ಕಲ್ಲು ಹೇರಿದರು. ಬಗ್ಗಿ ಒಳಗೆ ಬನ್ನಿ ಎಂದು ಆಕೆ ನನ್ನನ್ನು ಕರೆದು, ಒಂದು ಮಣೆಯ ಮೇಲೆ ಕೂರಿಸಿದಳು. ಒಲೆ ಹೊತ್ತಿಸಿ ಚಹಾ ಕಾಯಿಸಿದಳು. ಪರರ ಮನೆಯಲ್ಲಿ ನೀರನ್ನೂ ಮುಟ್ಟದೆ ಬದುಕಿದವನು ನಾನು. ಲೋಟವನ್ನು ನನ್ನ ಮುಂದಿಟ್ಟು ಆಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ, "ನೀವು ಕುಡಿಯೋದಿಲ್ಲ ಅಲ್ವಾ ಸಾಮಿ, ನಂಗೆ ಮರ್ತೋಯ್ತು" ಎಂದು ತಾನೇ ತಪ್ಪು ಮಾಡಿದವಳಂತೆ ಅದನ್ನು ಎತ್ತಿಕೊಂಡಳು.

ಕುಡಿಯುತ್ತೇನೆ ಎಂದು ಹೇಳಲು ಬೇಕಾದಷ್ಟು ಸಮಯವಿತ್ತು. ನಾನು ಹೇಳಲಿಲ್ಲ.