ಪಕ್ಕದ ಮನೆಯ ಗೀತಾ ಕ್ಲಾಸು

ಅಮೆರಿಕದ ವೆಸ್ಟ್ ಕೊವಿನಾದಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಶನಿವಾರಗಳಂದು ಕುಡಿತ ಬಿಡುವವರ ಮೀಟಿಂಗಿಗೆ ಹೋಗುತ್ತಿದ್ದರು. ಕುಡಿದು ಕಾರು ಓಡಿಸಿ ಅವರ ಲೈಸೆನ್ಸ್ ರದ್ದಾಗಿದ್ದರಿಂದ ನಾನೇ ಕರೆದೊಯ್ಯುತ್ತಿದ್ದೆ. ಆಂಟಿ ಊರಿಗೆಲ್ಲ ಹೇಳಿದ್ದು, "ಗೀತಾ ಕ್ಲಾಸು."

ಸರಿ, ಗಣೇಶನ ಹಬ್ಬದಲ್ಲಿ ಕನ್ನಡ ಸಂಘದವರು ಅಂಕಲ್‌ರನ್ನು ಪ್ರವಚನಕ್ಕೆ ನಿಲ್ಲಿಸಿದರು. ಅವರು ಕನ್ನಡಕ ಒರೆಸಿಕೊಂಡು, ಮೀಟಿಂಗಿನ ಅಭ್ಯಾಸದಂತೆ, "ನಾನೊಬ್ಬ ಕುಡುಕ" ಎಂದೇ ಶುರುಮಾಡಿದರು. ಆಂಟಿ ತಲೆ ತಗ್ಗಿಸಿದರೆಂದು ನೆನಪು; ತಗ್ಗಿಸಿದ್ದು ನಾನೇ ಇರಬಹುದು. ಸಭೆ ಚಪ್ಪಾಳೆ ತಟ್ಟಿತು.

"ನಮ್ಮೆಲ್ಲರ ಪಾಪವನ್ನ ತಮ್ಮ ಮೇಲೆ ಹಾಕ್ಕೊಂಡ್ರು ನೋಡ್ರೀ, ಎಂಥ ದೊಡ್ಡತನ!" ಎಂದರು ಸಂಘದ ಅಧ್ಯಕ್ಷರು.

ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ಅದೇ ಅಧ್ಯಕ್ಷರು ಕಾರಿನ ಡಿಕ್ಕಿ ತೆರೆದು, ವಿಸ್ಕಿ ಬಗ್ಗಿಸಿ, "ಗುರುಗಳೇ, ಮೊದಲು ನಿಮಗೆ" ಎಂದು ಲೋಟ ಚಾಚಿದರು. ಅಂಕಲ್ ಕೈ ಅರ್ಧ ಮುಂದೆ ಹೋಗಿ ನಿಂತಿತು.

"ಇವತ್ತಿಗೆ ಬೇಡ ಕಣ್ರೀ."

"ನೋಡಿದ್ರಾ ಸಂಯಮ!" ಎಂದ ಅಧ್ಯಕ್ಷರು ಅವರ ಪಾಲನ್ನೂ ಭಕ್ತಿಯಿಂದ ತಾವೇ ಕುಡಿದರು.