ಎಂಜಿನ್ನಿನ ತಳಕ್ಕೆ ಕೂಡಿಸಿದ ನಲ್ಲಿ

ನನ್ನ ಪಿಕಪ್ ಗಾಡಿಯ ಎಂಜಿನ್ನಿನ ತಳದಲ್ಲಿ ಒಂದು ಹಿತ್ತಾಳೆಯ ನಲ್ಲಿ ಇದೆ. ನೀರಿನದಲ್ಲ, ಹಳೆಯ ಆಯಿಲ್ ಹೊರಗೆ ಬಿಡುವ ನಲ್ಲಿ. ಸಾಮಾನ್ಯವಾಗಿ ಗಾಡಿಗಳಿಗೆ ಆ ಜಾಗದಲ್ಲಿ ಒಂದು ಬೋಲ್ಟು ಇರುತ್ತದೆ. ಪಾನಾ ಹಾಕಿ ಬಿಚ್ಚಿದರೆ ಆಯಿಲ್ ಸುರಿಯುತ್ತದೆ, ಮತ್ತೆ ಬಿಗಿದರೆ ನಿಲ್ಲುತ್ತದೆ. ನಲ್ಲಿ ಇದ್ದವರಿಗೆ ಪಾನಾದ ಹಂಗಿಲ್ಲ. ಪುಟ್ಟ ಹಿಡಿಕೆಯೊಂದನ್ನು ಬೆರಳಿನಿಂದ ಎತ್ತಿ ಹೊರಳಿಸಿದರೆ ಸಾಕು. ಈ ನಲ್ಲಿಯ ಗುಣದೋಷಗಳ ಬಗ್ಗೆ ನಮ್ಮ ಸೀಮೆಯಲ್ಲಿ ನನ್ನಷ್ಟು ದೀರ್ಘವಾಗಿ ವಿಚಾರ ಮಾಡಿದವರು ಇರಲಾರರು. ಕಾರಣ, ಉಳಿದವರಿಗೆ ಮನೆಯಲ್ಲಿ ಮಾತಾಡಲು ಮಂದಿ ಇದ್ದಾರೆ.

ನಾನು ಕೋರ್ಟಿನಲ್ಲಿ ಸಿರಸ್ತೇದಾರನಾಗಿದ್ದು ನಿವೃತ್ತನಾದವನು. ಮನೆ ಸವದತ್ತಿಯಲ್ಲಿ, ಹೂಲಿಯ ಕಡೆ ಒಂದಿಷ್ಟು ಹೊಲ. ಉಳ್ಳಾಗಡ್ಡಿಯನ್ನು ಬೈಲಹೊಂಗಲದ ಮಾರ್ಕೆಟ್ಟಿಗೆ ಒಯ್ಯಲು, ರಾಮದುರ್ಗದ ಮಗಳ ಮನೆಗೆ ಜೋಳದ ಚೀಲ ಮುಟ್ಟಿಸಲು ಎಂದು ಈ ಗಾಡಿ ತೆಗೆದುಕೊಂಡೆ. ತೆಗೆದುಕೊಂಡಾಗ ಪಕ್ಕದ ಸೀಟಿನಲ್ಲಿ ಹೆಂಡತಿ ಇದ್ದಳು. ಈಗ ಅಲ್ಲಿ ನನ್ನ ಛತ್ರಿ ಮತ್ತು ನೀರಿನ ಬಾಟಲಿ ಪ್ರಯಾಣ ಮಾಡುತ್ತವೆ. ಎರಡೂ ಮಿತಭಾಷಿಗಳು.

ಆಯಿಲ್ ಬದಲಿಸುವುದು ಮೊದಲಿನಿಂದಲೂ ಬೈಲಹೊಂಗಲದ ಒಬ್ಬ ಮಿಸ್ತ್ರಿಯ ಗ್ಯಾರೇಜಿನಲ್ಲಿ. ಮಿಸ್ತ್ರಿ ನನ್ನ ವಾರಿಗೆಯವರು. ಇಷ್ಟು ವರ್ಷಗಳಾದರೂ ನಾವಿಬ್ಬರೂ ‘ರೀ’ ಹಚ್ಚಿಯೇ ಮಾತಾಡುತ್ತೇವೆ. ಅವರು ಗಾಡಿಯ ಕೆಳಗೆ ತೂರಿ ಬೋಲ್ಟು ಬಿಚ್ಚುವರು, ನಾನು ಬ್ಯಾಟರಿ ಹಿಡಿದು ಬೆಳಕು ಬಿಡುವೆನು. ಬೋಗುಣಿಗೆ ಕಪ್ಪು ಆಯಿಲ್ ಮೊದಲು ಧಾರೆಯಾಗಿ, ಆಮೇಲೆ ದಾರವಾಗಿ, ಕೊನೆಗೆ ಹನಿಯಾಗಿ ಬೀಳುವುದು. ನನಗೆ ಅವಸರವಿದ್ದಂತೆ ಕಂಡರೆ ಅವರು ಗದರುತ್ತಿದ್ದರು.

“ಕುಂದರ್ರಿ ಸಾಹೇಬ್ರ. ತಳದಾಗಿನ ಕಡೀ ಹನಿ ಬರೂತನಕ ಬೋಲ್ಟ್ ಹಾಕೂ ಪೈಕಿ ಅಲ್ಲ ನಾ.”

ಹೀಗೆ ಚಹಾ ಬರುತ್ತಿತ್ತು, ಹುರಿದ ಶೇಂಗಾ ಬರುತ್ತಿತ್ತು. ಯಾವ ಕಂಪನಿಯ ಆಯಿಲ್ ತೆಳ್ಳಗಾಗಿದೆ, ಯಾವ ಊರಿನ ರಸ್ತೆ ಕೆಟ್ಟಿದೆ ಎಂಬ ಘನವಾದ ವಿಷಯಗಳ ಮೇಲೆ ಚರ್ಚೆ ನಡೆಯುತ್ತಿತ್ತು. ಹೆಂಡತಿ ಹೋದ ಮೇಲೆ ನಾನು ಯಾರೊಡನೆಯಾದರೂ ಕೂತು ಮಾತಾಡುವ ಜಾಗ ಎಂದರೆ ಆ ಬೋಗುಣಿಯ ದಂಡೆಯೊಂದೇ. ಗಾಡಿಗೆ ಆಯಿಲ್ ಬೇಕಾಗುವ ಮೊದಲೇ ನನಗೆ ಬೇಕಾಗುತ್ತಿತ್ತು.

ಒಂದು ಸಲ ಬೋಲ್ಟು ಸಡಿಲಾದ ಗಳಿಗೆಯಲ್ಲಿ ಬಿಸಿ ಆಯಿಲ್ ಮಿಸ್ತ್ರಿಯ ಬೆರಳಿನಿಂದ ಮೊಳಕೈವರೆಗೆ ಇಳಿಯಿತು. ಅವರು ಶಾಂತವಾಗಿ ನನ್ನ ಎಂಜಿನ್ನಿನ ಏಳು ತಲೆಮಾರಿಗೆ ಬೈದು, ಕೈಗೆ ತಣ್ಣೀರು ಸುರಿದುಕೊಂಡರು. ಬೋಲ್ಟಿನ ತಿರುಪೂ ಸವೆದಿತ್ತು. ನನ್ನ ಮನಸ್ಸಿಗೆ ಚುಚ್ಚಿತು. ಮುಂದಿನ ವಾರ ಕಿತ್ತೂರಿಗೆ ಹೋದಾಗ ಹೈವೇ ಪಕ್ಕದ ಬಿಡಿಭಾಗದ ಅಂಗಡಿಯಲ್ಲಿ ಈ ನಲ್ಲಿಯನ್ನು ಕಂಡೆ.

“ಇದ್ನ ಹಾಕಿಸಿದ್ರ ಮಿಸ್ತ್ರಿ ಮಾರಿ ನೋಡೂದ ಬ್ಯಾಡ್ರೀ,” ಎಂದ ಅಂಗಡಿಯವನು. ಅವನು ಅದನ್ನು ಸದ್ಗುಣವೆಂದು ಹೇಳಿದ. ನಾನೂ ಸದ್ಗುಣವೆಂದೇ ಕೇಳಿಸಿಕೊಂಡೆ.

ಅದನ್ನು ಕೂಡಿಸಿದವರು ಮಿಸ್ತ್ರಿಯೇ. ಹಿಡಿಕೆಯನ್ನು ಎತ್ತಿ ಹೊರಳಿಸಿ ನೋಡಿ, “ಚಲೋ ಐತ್ರಿ. ಇನ್ನ ನಂದೇನ್ ಕೆಲಸ?” ಎಂದು ನಕ್ಕರು. ನಾನೂ ನಕ್ಕೆ. ಇಬ್ಬರಿಗೂ ಅದು ತಮಾಷೆಯಾಗಿಯೇ ಕಂಡಿತ್ತು.

ಈಗ ಉಭಯ ಪಕ್ಷಗಳ ವಾದವನ್ನು ಸಭ್ಯವಾಗಿ ಕೇಳಬೇಕು. ನಲ್ಲಿಯ ಪರವಾಗಿ ಹೇಳುವುದು ಬಹಳವಿದೆ. ಕೈ ಸುಡುವುದಿಲ್ಲ. ಸಲಸಲಕ್ಕೂ ಹೊಸ ವಾಷರ್ ಬೇಡ. ಬಿಚ್ಚಿ ಬಿಗಿದು ತಿರುಪು ಸವೆಯುವ ಭಯವಿಲ್ಲ. ಡಬ್ಬಿ ತುಂಬಿದರೆ ನಡುವೆಯೇ ಧಾರೆ ನಿಲ್ಲಿಸಿ ಇನ್ನೊಂದು ಡಬ್ಬಿ ಇಡಬಹುದು. ಕೋರ್ಟಿನ ಸಾಕ್ಷಿಗಳನ್ನೂ ಹೀಗೆ ನಡುವೆಯೇ ನಿಲ್ಲಿಸಲು ಬರುವಂತಿದ್ದರೆ ಎಷ್ಟೋ ದಾವೆಗಳು ಬೇಗ ಮುಗಿಯುತ್ತಿದ್ದವು.

ವಿರುದ್ಧದ ವಾದವೂ ಬಡವಾದದ್ದಲ್ಲ. ಬೋಲ್ಟಿಗಿಂತ ನಲ್ಲಿ ಕೆಳಗೆ ಚಾಚಿಕೊಂಡಿರುತ್ತದೆ. ಡಾಂಬರಿನ ಮೇಲೆ ಓಡುವವರಿಗೆ ಇದು ಏನೂ ಅಲ್ಲ. ಎರೆಹೊಲದ ಚಕ್ಕಡಿ ಜಾಡಿನಲ್ಲಿ ಇಳಿಯುವ ನನಗೆ, ಕೆಳಗೆ ಒಂದು ಹೆಂಟೆ ಬಡಿದರೂ ಜೀವ ಬಾಯಿಗೆ ಬರುತ್ತದೆ. ಕಿತ್ತಿಟ್ಟ ಹತ್ತಿಕಟ್ಟಿಗೆಯ ಮೇಲೆ ಗಾಡಿ ಹಾಯಿಸಿದ ದಿನವಂತೂ ಹಿಡಿಕೆಗೆ ಕಡ್ಡಿ ಸಿಕ್ಕಿರಬಹುದೆಂದು ಇಳಿದು, ಅಂಗಾತ ಮಲಗಿ, ನಲ್ಲಿಯ ದರ್ಶನ ಪಡೆದೆ. ಹೊಲದ ಬದುವಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಓಡಿಬಂದಳು.

“ಯಪ್ಪಾ, ಗಾಡಿ ಮೈಮ್ಯಾಲ ಹೋತೇನ್ರೀ?”

“ಇಲ್ಲ ತಂಗಿ, ಆಯಿಲ್ ನೋಡಾಕ ಹತ್ತೇನಿ.”

“ಎಮ್ಮಿ ಕೆಚ್ಚಲ ನೋಡಿದಂಗ ಮಾಡಾಕ ಹತ್ತೀರಲ್ರೀ,” ಎಂದು ಬುಟ್ಟಿ ಹೊತ್ತು ಹೋದಳು. ಕಡ್ಡಿ ಸಿಕ್ಕಿರಲಿಲ್ಲ. ಹಿಡಿಕೆಗೆ ಒಂದು ಕ್ಲಿಪ್ಪು ಇರುತ್ತದೆ, ಅದನ್ನು ಹಾಕಿದ್ದರೆ ಸುಮ್ಮಸುಮ್ಮನೆ ತೆರೆದುಕೊಳ್ಳುವುದಿಲ್ಲ. ಇನ್ನೊಂದು ದೋಷವೆಂದರೆ ನಲ್ಲಿಯ ಕಿಂಡಿ ಕಿರಿದು, ಆಯಿಲ್ ನಿಧಾನವಾಗಿ ಇಳಿಯುತ್ತದೆ, ತಳದ ಗಸಿ ಸ್ವಲ್ಪ ಒಳಗೇ ಉಳಿಯುತ್ತದೆ. ಮಿಸ್ತ್ರಿಯ ಕಡೀ ಹನಿ ಇಲ್ಲಿ ಬರುವುದೇ ಇಲ್ಲ.

ಮನೆಯಂಗಳದಲ್ಲಿ ನಾನೇ ಆಯಿಲ್ ಬದಲಿಸತೊಡಗಿದೆ. ಕಲ್ಲಿನ ಮೇಲೆ ಕಲೆ ಬೀಳದಂತೆ ಮೊದಲು ಗೋಣಿಚೀಲ ಹಾಸುತ್ತೇನೆ. ಹಾಸದಿದ್ದರೆ ಬೈಯುವವಳು ಈಗ ಇಲ್ಲ, ಆದರೂ ಹಾಸುತ್ತೇನೆ. ಹಿಡಿಕೆ ಹೊರಳಿಸಿ, ಧಾರೆ ಬಿದ್ದ ಕೂಡಲೆ, “ಬಂತು ನೋಡ್ರಿ,” ಎಂದು ಗಟ್ಟಿಯಾಗಿಯೇ ಅಂದೆ ಒಮ್ಮೆ. ಯಾರು ನೋಡಬೇಕಾಗಿತ್ತೋ! ಆಯಿಲ್ ಇಳಿಯುವಷ್ಟು ಹೊತ್ತು ಕಟ್ಟೆಯ ಮೇಲೆ ಕೂತಿರುತ್ತೇನೆ. ಶೇಂಗಾ ತಂದಿಟ್ಟುಕೊಂಡೂ ನೋಡಿದೆ. ಒಬ್ಬನೇ ತಿಂದರೆ ಶೇಂಗಾ ಬಹಳ ಬೇಗ ಮುಗಿಯುತ್ತವೆ. ಹಳೆಯ ಆಯಿಲ್ ತುಂಬಿದ ಡಬ್ಬಿಗಳು ಬಚ್ಚಲ ಗೋಡೆಗೆ ಸಾಲಾಗಿ ನಿಂತಿವೆ. ಗ್ಯಾರೇಜಿನಲ್ಲಾದರೆ ಯಾರಾದರೂ ಬಾಗಿಲ ಕೀಲಿಗೋ ಬೇಲಿಗೂಟಕ್ಕೋ ಎಂದು ಕೇಳಿ ಒಯ್ಯುತ್ತಿದ್ದರು. ನನ್ನ ಮನೆಗೆ ಕೇಳಿಕೊಂಡು ಬರುವವರಿಲ್ಲ.

ಬೈಲಹೊಂಗಲಕ್ಕೆ ಹೋದಾಗೆಲ್ಲ ಗ್ಯಾರೇಜಿನ ಮುಂದಿನಿಂದಲೇ ದಾಟುತ್ತಿದ್ದೆ. ನಿಲ್ಲಲು ಕಾರಣವಿರಲಿಲ್ಲ. ಕೆಲಸವಿಲ್ಲದೆ ಕೋರ್ಟಿನ ಕಟ್ಟೆಗೆ ಕೂತವರನ್ನು ನಾನೇ ಎಬ್ಬಿಸಿ ಕಳಿಸುತ್ತಿದ್ದೆ. ಅದೇ ನಾನು ದುಡಿಯುವ ಮನುಷ್ಯನ ಬಾಗಿಲಿಗೆ ಬರಿಗೈಯಲ್ಲಿ ಹೋಗಿ ಏನೆಂದು ಕೂಡಲಿ? ಒಂದು ಮಳೆಗಾಲ ಹೀಗೆ ಕಳೆಯಿತು. ಕೊನೆಗೆ ನಾನು ಗಾಡಿಯೊಳಗೊಂದು ಸಪ್ಪಳವನ್ನು ಹುಟ್ಟಿಸಿಕೊಂಡು ಹೋದೆ.

“ಹಿಂದಿನ ಗಾಲಿ ಕಡೆ ಕಟಕಟ ಅಂತೈತ್ರಿ,” ಎಂದೆ. ಇದು ಶುದ್ಧ ಸುಳ್ಳು. ಗಾಡಿ ಆರೋಗ್ಯವಾಗಿತ್ತು.

ಮಿಸ್ತ್ರಿ ಕೈ ಒರೆಸಿಕೊಂಡರು. “ಅಪರೂಪ ಆದ್ರಿ ಸಾಹೇಬ್ರ. ನಡೀರಿ, ಕೇಳೂನು.” ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಸವದತ್ತಿ ರಸ್ತೆ ಹಿಡಿದೆವು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ನೋಡುವ ಗಾಂಭೀರ್ಯದಿಂದ ಕೇಳಿದರು. ಊರು ದಾಟಿ, ಕಬ್ಬಿನ ಹೊಲಗಳು ದಾಟಿ ಬಹಳ ದೂರ ಹೋದೆವು. ಇಲ್ಲದ ಸಪ್ಪಳ ಎಲ್ಲಿಂದ ಬಂದೀತು? ಹೇಳಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಲೆ ಒಳಗೆ ಎಳೆದುಕೊಂಡರು.

“ಐತ್ರಿ,” ಎಂದರು.

“ಐತಿ?”

“ಸಣ್ಣಗ ಐತಿ. ಇವತ್ತ ತಿಳಿಯೂದಿಲ್ಲ. ಸೋಮವಾರ ಬರ್ರಿ.”

ಸೋಮವಾರ ಅವರ ಗ್ಯಾರೇಜು ತೆರೆಯುವುದಿಲ್ಲ. ನಮ್ಮ ಕಡೆ ಆ ದಿನ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಹೂಡುವುದಿಲ್ಲ. ಮಿಸ್ತ್ರಿಯ ಅಪ್ಪ ಒಕ್ಕಲುತನ ಮಾಡಿದವರು. ಮಗ ಆ ನೇಮವನ್ನು ಪಾನಾಗಳಿಗೂ ವಿಸ್ತರಿಸಿದ್ದರು. ಸೋಮವಾರ ಅವರು ಒಂದು ಸ್ಕ್ರೂ ಕೂಡ ತಿರುಗಿಸಿದ್ದನ್ನು ಯಾರೂ ಕಂಡಿಲ್ಲ. ಇದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು.

ಸೋಮವಾರ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋದೆ. ಶಟರ್ ಇಳಿದಿತ್ತು. ಅದರ ಮುಂದಿನ ಮೆಟ್ಟಿಲ ಮೇಲೆ ತೊಳೆದ ಬಿಳಿ ಅಂಗಿ ಹಾಕಿದ ಒಬ್ಬರು ಕೂತಿದ್ದರು. ಕಲೆಯಿಲ್ಲದ ಅಂಗಿಯಲ್ಲಿ ಮಿಸ್ತ್ರಿಯನ್ನು ನಾನು ಎಂದೂ ಕಂಡಿರಲಿಲ್ಲ. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

“ಗಾಡಿ ಎಲ್ಲೈತ್ರಿ?”

“ಮನ್ಯಾಗ.”

“ಸಪ್ಪಳ?”

“ಅದೂ ಅಲ್ಲೇ ಐತ್ರಿ.”

ಅವರು ಸರಿದು ಜಾಗ ಮಾಡಿದರು. ಕೂತೆ. ನಡುವೆ ಗಾಡಿ ಇಲ್ಲದೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ರಸ್ತೆಯಲ್ಲಿ ಹೋಗುವ ಒಂದೊಂದು ವಾಹನದ ಸೈಲೆನ್ಸರಿನ ಬಗ್ಗೆ ಅಭಿಪ್ರಾಯ ಹೇಳಿದೆವು. ಅದೂ ತೀರಿತು.

“ಅಡಗಿ ಯಾರ್ ಮಾಡ್ತಾರ್ರೀ ನಿಮಗ?” ಎಂದು ಮಿಸ್ತ್ರಿ ಇದ್ದಕ್ಕಿದ್ದಂತೆ ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಕೇಳಿದ, ಎಂಜಿನ್ನಿಗೆ ಸಂಬಂಧಪಡದ ಮೊದಲ ಪ್ರಶ್ನೆ ಅದು.

“ಪಲ್ಯ ನಾನ ಮಾಡ್ಕೋತೇನ್ರಿ. ರೊಟ್ಟಿ ಖಾನಾವಳಿಯಿಂದ.”

“ನಾ ರೊಟ್ಟಿ ಬಡೀತೇನ್ರಿ. ದುಂಡಗ ಆಗೂದಿಲ್ಲ.”

“ನೀವ್ಯಾಕ ಬಡೀತೀರಿ? ಮನ್ಯಾಗ ಅಕ್ಕಾರಿಲ್ಲೇನು?”

“ಮಗಳ ಬಾಣಂತನಕಂತ ಹುಬ್ಬಳ್ಳಿಗೆ ಹೋದಾಕಿ, ಅಲ್ಲೇ ಉಳದಾಳ್ರಿ. ಆ ಕೂಸು ಈಗ ಸಾಲಿಗೆ ಹೊಂಟೈತಿ.”

ಅಷ್ಟು ವರ್ಷ ಬೋಗುಣಿಯ ದಂಡೆಗೆ ಕೂತು ನಾನು ಇದನ್ನು ಕೇಳಿಯೇ ಇರಲಿಲ್ಲ. ಆ ದಿನ ರಸ್ತೆಯಲ್ಲಿ ಅವರು ನನ್ನ ಮೇಲೆ ದಯೆ ತೋರಿಸಿ ಸಪ್ಪಳ ಕೇಳಿಸಿಕೊಂಡರೆಂದು ತಿಳಿದಿದ್ದೆ. ಸಪ್ಪಳ ಅವರಿಗೂ ಬೇಕಾಗಿತ್ತು.

ಸವದತ್ತಿಯ ಬಸ್ಸು ಬಂದು, ನಿಂತು, ಹೊರಟಿತು.

“ನಿಮ್ಮ ಬಸ್ ಹೋತಲ್ರೀ,” ಎಂದರು.

“ಹೋಗ್ಲಿ ಬಿಡ್ರಿ. ಜ್ವಾಳದ ಹಿಟ್ಟಿಗೆ ನೀರ್ ಕುದಿಸಿ ಹಾಕ್ತೀರೋ, ಹಂಗ ಹಾಕ್ತೀರೋ?”