ಬೀಳದ ಗುಡ್ಡ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಒಂದು ರಸ್ತೆ ಕಂಪನಿಯಲ್ಲಿದ್ದೆ. ಆಫೀಸಿನಲ್ಲಿ ನನಗೊಂದು ಮೇಜಿತ್ತು, ಅಲ್ಲಿ ಕೂತದ್ದು ಕಡಿಮೆ. ಬೆಟ್ಟದ ದಾರಿಗಳಲ್ಲಿ ಯಾವ ಗುಡ್ಡ ಜಾರೀತು, ಯಾವ ಬಂಡೆ ಉರುಳೀತು ಎಂದು ನೋಡಿ ಹೇಳುವುದು ನನ್ನ ಕೆಲಸ. ಕಲ್ಲು ಕಾಯುವುದಕ್ಕೂ ಸಂಬಳವೇ ಎಂದು ಊರಿನವರು ನಗುತ್ತಿದ್ದರು. ನಗಲಿ.

ಕರಾವಳಿಯಿಂದ ಹೋದ ನಾವೆಲ್ಲ ಅಲ್ಲಿ ಮಾಡುತ್ತಿದ್ದ ತಪ್ಪು ಒಂದೇ, ಮಳೆಯನ್ನು ಊರಿನ ಅಳತೆಯಲ್ಲಿ ಅಳೆಯುವುದು. ನಾಲ್ಕು ಹನಿ ಬಿದ್ದರೆ ನಮ್ಮವರು ಗೋಳಿಬಜೆ ಕರಿದು ಕಟ್ಟಿಕೊಂಡು, ಒಣಹೊಳೆಯಲ್ಲಿ ನೀರು ಬಂತೇ ಎಂದು ನೋಡಲು ಕಾರು ಹತ್ತುತ್ತಿದ್ದರು. ಬಿಸಿಲು ಬಂದರೆ ಅಪಾಯ ಮುಗಿಯಿತೆಂದೇ ಲೆಕ್ಕ. ಊರಿನ ಗುಡ್ಡವನ್ನು ಬೇರು ಹಿಡಿದುಕೊಂಡಿರುತ್ತದೆ. ಅಲ್ಲಿಯ ಗುಡ್ಡದ ಮೈಮೇಲೆ ಹುಲ್ಲೂ ಇಲ್ಲ, ಒಡೆದ ಕಲ್ಲಿನ ಮೇಲೆ ಒಡೆದ ಕಲ್ಲು. ನೀರು ಬಿರುಕಿಗಿಳಿದು ಅಡಿಯ ಮಣ್ಣನ್ನು ನೆನೆಸಲು ಹೊತ್ತು ಬೇಕು. ನನಗೆ ಮಳೆಗಿಂತ ಮಳೆಯ ಮರುದಿನದ ಭಯವೇ ಹೆಚ್ಚು.

ಅಂಥದೊಂದು ಮರುದಿನ, ಬೆಟ್ಟದಾಚೆಯ ಊರಿನಲ್ಲಿದ್ದ ಅಕ್ಕ ಮತ್ತು ಭಾವನನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೊರಟಿದ್ದೆ. ಊರಿನಲ್ಲಿ ಭಾವನ ತಂಗಿಯ ಮದುವೆ. ತಂದೆ ಇಲ್ಲದ ಮನೆ, ಅಣ್ಣನಾಗಿ ಅವರೇ ಧಾರೆ ಎರೆಯಬೇಕು. ಆ ಸಂಜೆಯ ವಿಮಾನ ತಪ್ಪಿದರೆ ಮದುವೆಯೂ ತಪ್ಪಿದಂತೆ.

ಕಣಿವೆಯ ಇಕ್ಕಟ್ಟಿನಲ್ಲಿ ನಾನು ಕಾರು ನಿಲ್ಲಿಸಿದೆ. ದಾರಿಯ ಮೇಲೆ ಹೊಸ ಕಲ್ಲುಗಳು ಬಿದ್ದಿದ್ದವು, ಒಡೆದ ಮುಖ ಇನ್ನೂ ಹಸಿ. ಗುಡ್ಡದ ಬುಡದಿಂದ ಕೆಸರುನೀರು ಒಸರುತ್ತಿತ್ತು. ಮೇಲಿನಿಂದ ಆಗಾಗ ಚೂರುಕಲ್ಲು ಉದುರುವ ಸದ್ದು.

"ಎಂಥ ಮಾರಾಯ ನಿಲ್ಲಿಸಿದ್ದು?" ಎಂದರು ಭಾವ.

"ಇಲ್ಲಿ ಹೋಗ್ಲಿಕ್ಕೆ ಆಗುದಿಲ್ಲ ಭಾವ. ಹಿಂದೆ ಹೋಗಿ ಸುತ್ತು ದಾರಿ ಹಿಡಿಯುವ."

"ಸುತ್ತಿ ಹೋದ್ರೆ ವಿಮಾನ ಸಿಗ್ತದಾ? ಮಳೆ ಬಂದದ್ದು ನಿನ್ನೆ! ಅಂಥ ಮಳೆಗೆ ನಮ್ಮ ಊರಲ್ಲಿ ಯಾರೂ ಕೊಡೆ ಸಹ ಬಿಡಿಸುದಿಲ್ಲ."

ಅಷ್ಟರಲ್ಲಿ ಹಿಂದಿನಿಂದ ಒಂದು ಪಿಕಪ್ ಬಂತು. ನಾನು ಇಳಿದು ಕೈ ಅಡ್ಡ ಹಿಡಿದೆ. ಅದರವನು "ಯಲ್ಲಾ, ಯಲ್ಲಾ", ನಡಿ ನಡಿ, ಎಂದು ನಗುತ್ತಾ ನನ್ನನ್ನು ಬಳಸಿಕೊಂಡು ಹೋಗಿ, ಕೂದಲೂ ಕೊಂಕದೆ ಆಚೆ ತಿರುವಿನಲ್ಲಿ ಮರೆಯಾದ. ನನಗೆ ಮೈಯೆಲ್ಲಾ ಉರಿದುಹೋಯಿತು.

"ನೋಡಿದ್ಯಾ? ಈಗೆಂಥ ಹೇಳ್ತಿ?" ಭಾವ ಚೀಲ ಎತ್ತಿಕೊಂಡು ಇಳಿದೇಬಿಟ್ಟರು. "ನೀನು ಇಲ್ಲೇ ಕೂತ್ಕೋ. ನಾನು ನಡೆದೇ ದಾಟ್ತೇನೆ."

ನಾನು ಓಡಿಹೋಗಿ ಚೀಲಕ್ಕೆ ಕೈ ಹಾಕಿದೆ. ಅಕ್ಕನ ಗಂಡ ಎಂಬ ಮರ್ಯಾದೆಯೆಲ್ಲ ಬಿಟ್ಟು ನಡುರಸ್ತೆಯಲ್ಲಿ ಎಳೆದಾಡಿದೆ. ಕೊನೆಗೆ ಅಕ್ಕ ಇಳಿದು ಬಂದು ನನ್ನ ಮುಖ ನೋಡಿ ಕೇಳಿದಳು, "ಬೀಳ್ತದೆ ಅಂತ ಖಂಡಿತ ಹೇಳ್ತಿಯಾ?"

"ಇಲ್ಲ ಅಕ್ಕ. ಬೀಳುದಿಲ್ಲ ಅಂತಲೂ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ನಿಮ್ಮನ್ನು ಇದರ ಅಡಿಯಲ್ಲಿ ಕರ್ಕೊಂಡು ಹೋಗುದಿಲ್ಲ."

ಅವಳು ಕಾರಿನಲ್ಲಿ ಹೋಗಿ ಕೂತಳು. ಹೆಂಡತಿಯನ್ನು ಬಿಟ್ಟು ಹೋಗಲಾರದೆ ಭಾವನೂ ಬಂದು ಕೂತರು. ಸುತ್ತು ದಾರಿಯಲ್ಲಿ ಮಸ್ಕತ್ ಮುಟ್ಟುವಾಗ ವಿಮಾನ ಹೋಗಿಯಾಗಿತ್ತು. ಊರಿನಲ್ಲಿ ಭಾವನ ಚಿಕ್ಕಪ್ಪ ಧಾರೆ ಎರೆದರು.

ಗುಡ್ಡ ಅವತ್ತು ಬೀಳಲಿಲ್ಲ. ಆ ವಾರವೂ ಬೀಳಲಿಲ್ಲ. ಭಾವ ನನ್ನೊಡನೆ ಮಾತು ಬಿಟ್ಟರು. ನನ್ನ ಸುದ್ದಿ ಬಂದಾಗಲೆಲ್ಲ, ಅವನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದರಂತೆ. ನೋವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಕ್ಷಮೆ ಕೇಳಲು ನನ್ನಿಂದಾಗಲಿಲ್ಲ. ಮಳೆಯ ಮರುದಿನ ಅದೇ ಜಾಗದಲ್ಲಿ ಎಷ್ಟೋ ಕಾರುಗಳನ್ನು ತಡೆದು ಬೈಸಿಕೊಂಡೆ.

ತೊಂಬತ್ತರ ದಶಕದಲ್ಲಿ ನಾನು ಒಮಾನ್ ಬಿಡುವ ಮೊದಲು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಭಾವ ತಟ್ಟೆಯ ಮೇಲಿನಿಂದ ಕಣ್ಣೆತ್ತದೆ ಕೇಳಿದರು, "ಆ ಗುಡ್ಡ ಕಡೆಗಾದ್ರೂ ಬಿತ್ತಾ?"

ಬಿತ್ತು ಎಂದರೆ ಎಲ್ಲ ಸರಿಹೋಗುತ್ತಿತ್ತು. ಅವರು ಹೋಗಿ ನೋಡುವವರೂ ಅಲ್ಲ. ಅಕ್ಕನ ಕಣ್ಣು ಕೂಡ ಹಾಗೆಯೇ ಹೇಳು ಎನ್ನುತ್ತಿತ್ತು.

"ಇಲ್ಲ ಭಾವ, ಹಾಗೇ ಉಂಟು," ಎಂದೆ. "ನಾಳೆ ನಿಮ್ಮ ಮಗಳದ್ದೇ ಮದುವೆ ಇದ್ರೂ ಮಳೆಯ ಮರುದಿನ ಆ ದಾರಿಯಲ್ಲಿ ನಿಮ್ಮನ್ನು ಕರ್ಕೊಂಡು ಹೋಗುದಿಲ್ಲ."